ಅತ್ತೆ ಬಾಗಿಲು ತಟ್ಟುತ್ತಿದ್ದ ವರ್ಷಗಳು

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದದ್ದು ಎಪ್ಪತ್ತರ ದಶಕದ ಮೊದಮೊದಲ ವರ್ಷಗಳಲ್ಲಿ. ನನ್ನ ತವರು ತುಮಕೂರು. ನಮ್ಮದು ಅಜ್ಜನ ಕಾಲದಿಂದಲೂ ಕ್ರೈಸ್ತ ಮನೆತನ. ಆದರೆ ನಮ್ಮ ತಂದೆ ನಂಬಿಕೆಯನ್ನು ಹೊಸ್ತಿಲ ಒಳಗೇ ಇಟ್ಟುಕೊಳ್ಳುವ ಸ್ವಭಾವದವರು. ಭಾನುವಾರ ಚರ್ಚು, ಊಟಕ್ಕೆ ಮುಂಚೆ ಪ್ರಾರ್ಥನೆ, ಅಷ್ಟೆ. ಹೊರಗಿನವರ ಹತ್ತಿರ ದೇವರ ಮಾತು ಎತ್ತುವುದೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂಥರಾ ಮುಜುಗರ. ಹಾಗೆ ಬೆಳೆದವಳು ನಾನು.

ಅತ್ತೆ ಅದಕ್ಕೆ ಪೂರ್ತಿ ವಿರುದ್ಧ. ಅವರು ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ನಮ್ಮ ಮಾವನವರು ಬಿನ್ನಿಪೇಟೆಯ ಗಿರಣಿಯಲ್ಲಿ ಗುಮಾಸ್ತರಾಗಿದ್ದು, ನಾನು ಆ ಮನೆಗೆ ಬರುವ ಬಹಳ ಮುಂಚೆಯೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಅತ್ತೆ, ಅವರ ಒಬ್ಬನೇ ಮಗನಾದ ನನ್ನ ಗಂಡ, ಮತ್ತು ನಾನು. ಅತ್ತೆ ಕುಳ್ಳಗಿನ, ನೆಟ್ಟಗೆ ನಡೆಯುವ ಹೆಂಗಸು. ಸಣ್ಣ ಅಂಚಿನ ಹತ್ತಿ ಸೀರೆ, ಕೈಯಲ್ಲಿ ಕಪ್ಪು ಕೊಡೆ. ಬೀದಿಯವರೆಲ್ಲ ಅವರನ್ನು ಟೀಚರಮ್ಮ ಅನ್ನುತ್ತಿದ್ದರು.

ಮದುವೆಯಾದ ಕೆಲವೇ ದಿನಕ್ಕೆ, ಒಂದು ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಬಂದಾಗ, ಅತ್ತೆ ಬಟ್ಟೆಯ ಚೀಲಕ್ಕೆ ಸಣ್ಣ ಸಣ್ಣ ಪುಸ್ತಿಕೆಗಳನ್ನು ತುಂಬಿಕೊಳ್ಳುತ್ತಿದ್ದರು. ಯೇಸುವಿನ ಜೀವನದ ಕಥೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಪುಸ್ತಿಕೆಗಳು ಅವು.

"ಬರ್ತೀಯೇನೇ? ನಾಲ್ಕು ಮನೆಗೆ ಹೋಗ್ಬರ್ತೀನಿ" ಅಂದರು.

"ಯಾರ ಮನೆಗೆ ಅತ್ತೆ?"

"ಯಾರು ಬಾಗಿಲು ತೆಗೀತಾರೋ ಅವರ ಮನೆಗೆ."

ಹೊಸ ಸೊಸೆ, ಒಲ್ಲೆ ಅನ್ನಲಾರದೆ ಹಿಂದೆ ಹೊರಟೆ. ಮೊದಲನೆಯ ಮನೆಯಲ್ಲಿ ಕಿಟಕಿಯ ಪರದೆ ಸರಿಯಿತು, ಮತ್ತೆ ಮುಚ್ಚಿಕೊಂಡಿತು, ಬಾಗಿಲು ತೆಗೆಯಲಿಲ್ಲ. ಅತ್ತೆ ಸ್ವಲ್ಪ ಹೊತ್ತು ನಿಂತು ಮುಂದೆ ನಡೆದರು. ಎರಡನೆಯ ಮನೆಯಾಕೆ ನಗುನಗುತ್ತಲೇ, "ನಮ್ಮನೇಲಿ ಈಗ್ಲೇ ದೇವರು ಜಾಸ್ತಿ ಇದಾರೆ ಟೀಚರಮ್ಮ, ಇನ್ನೊಬ್ರಿಗೆ ಗೂಡಲ್ಲಿ ಜಾಗ ಇಲ್ಲ" ಅಂದರು. ಅತ್ತೆಯೂ ಜೋರಾಗಿ ನಕ್ಕು, "ಮಗೂಗೆ ಕೆಮ್ಮು ಹೆಂಗಿದೆ?" ಎಂದು ಕೇಳಿ, ಆ ಮಾತು ಈ ಮಾತು ಆಡಿ ಹೊರಟರು. ಅದರಾಚೆಯ ಮನೆಯಲ್ಲಿ ಬನಿಯನ್ನು ತೊಟ್ಟ ಗಂಡಸೊಬ್ಬರು ಪುಸ್ತಿಕೆ ತೆಗೆದುಕೊಂಡರು, ಹೆಸರು ನೋಡಿದರು, ನಮ್ಮ ಕಣ್ಣೆದುರಿಗೇ ಎರಡು ಹೋಳು ಮಾಡಿ ಅಂಗಳಕ್ಕೆ ಎಸೆದರು. ಅತ್ತೆ ಬಗ್ಗಿ ಆ ಹೋಳುಗಳನ್ನು ಆಯ್ದು ಚೀಲಕ್ಕೆ ಹಾಕಿಕೊಂಡರು.

"ನಿಮ್ಮ ಅಂಗಳ ಚೆನ್ನಾಗಿ ಸಾರ್ಸಿದೀರ, ಕಸ ಬೇಡ. ಬರ್ತೀನಪ್ಪ" ಅಂದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಆ ಮನುಷ್ಯ ಒಳಗೆ ಹೋದರು.

ಮನೆಗೆ ಬಂದ ಮೇಲೆ ತಡೆಯಲಾರದೆ ಕೇಳಿದೆ: "ಇಷ್ಟೆಲ್ಲ ಅನ್ನಿಸ್ಕೊಂಡು ಯಾಕೆ ಹೋಗ್ತೀರ ಅತ್ತೆ?"

ಅವರು ಕಾಲು ತೊಳೆಯುತ್ತಿದ್ದರು. ತೊಳೆಯುತ್ತಲೇ ಹೇಳಿದರು: "ನಿಮ್ಮ ಮಾವ ಹೋದಾಗ ನಾನು ಒಂದು ವರ್ಷ ಸರಿಯಾಗಿ ಮಾತೇ ಆಡಿರ್ಲಿಲ್ಲ. ಶಾಲೆಗೆ ಹೋಗ್ತಿದ್ದೆ, ಪಾಠ ಮಾಡ್ತಿದ್ದೆ, ಬಂದು ಗೋಡೆ ನೋಡ್ಕೊಂಡು ಕೂತ್ಕೋತಿದ್ದೆ. ಹುಟ್ಟಿದಾಗಿಂದ ಕೇಳಿದ್ದ ಕಥೆಗಳೇ, ಆದ್ರೆ ಒಂದಿನ ಓದ್ತಾ ಇದ್ದಾಗ ಯಾರೋ ಪಕ್ಕದಲ್ಲಿ ಬಂದು ಕೂತ ಹಾಗಾಯ್ತು ಕಣೇ. ಬದುಕ್ಕೊಂಡೆ. ನಿಂಗೊಬ್ಬ ಒಳ್ಳೆ ಡಾಕ್ಟ್ರು ಸಿಕ್ಕಿದ್ರೆ ಪಕ್ಕದ ಮನೆಯವ್ರಿಗೆ ಹೇಳಲ್ವಾ? ಅವರು ಹೋಗೋದು ಬಿಡೋದು ಅವರಿಷ್ಟ. ಹೇಳ್ದೆ ಇರೋಕೆ ನನ್ನ ಕೈಲಾಗಲ್ಲ."

ಅದಾದ ಮೇಲೆ ನಾನು ಅವರ ಜೊತೆ ಹೋಗುವುದನ್ನು ಬಿಟ್ಟೆ. ನನಗೂ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು, ನೆಪವೂ ಸಿಕ್ಕಿತು. ಅತ್ತೆ ಒತ್ತಾಯ ಮಾಡಲಿಲ್ಲ. ಕೊಡೆ, ಚೀಲ ಹಿಡಿದು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಕೆಲವು ದಿನ ಚರ್ಚಿನ ಹೆಂಗಸರು ಒಬ್ಬಿಬ್ಬರು ಜೊತೆಗಿರುತ್ತಿದ್ದರು. ಆಗ ಬಸವೇಶ್ವರನಗರದ ಕಡೆ ಇನ್ನೂ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ಮೂಡಲಪಾಳ್ಯದ ಕಡೆಗೆ ಹೋದರೆ ರಾಗಿ ಹೊಲ. ಬಿಸಿಲಿನಲ್ಲಿ ಅಷ್ಟು ದೂರ ನಡೆದು, ಹೊಸದಾಗಿ ಮನೆ ಕಟ್ಟಿಸಿಕೊಂಡು ಬಂದವರ ಪರಿಚಯ ಮಾಡಿಕೊಂಡು ಬರುತ್ತಿದ್ದರು. ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲವೂ ಅವರಿಗೆ ಗೊತ್ತು. ಕ್ರಿಸ್ಮಸ್ಸಿಗೆ ಬೀದಿಗೆಲ್ಲ ತಿಂಡಿ ಹಂಚುವಾಗ ಆ ತಿಳಿವಳಿಕೆ ಕೆಲಸಕ್ಕೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಮಾಡಿದ್ದನ್ನು ತಿನ್ನುವವರಿಗೆ ಕರ್ಜಿಕಾಯಿ, ಚಕ್ಕುಲಿ. ಬೇಯಿಸಿದ್ದನ್ನು ಮುಟ್ಟದವರಿಗೆ ಬಾಳೆಹಣ್ಣು, ಕಲ್ಲುಸಕ್ಕರೆ. ಮೊಟ್ಟೆ ಹಾಕಿದ ಕೇಕು ನಮ್ಮ ಹೊಸ್ತಿಲು ದಾಟದಂತೆ ನೋಡಿಕೊಳ್ಳುತ್ತಿದ್ದರು.

ಅತ್ತೆಯ ಮಾತನ್ನು ಮನಸಾರೆ ಕೇಳುತ್ತಿದ್ದವರೆಂದರೆ ನಮ್ಮ ಎದುರು ಮನೆಯ ಅಜ್ಜಿ. ಲಿಂಗಾಯತರು, ರಾಣೆಬೆನ್ನೂರು ಕಡೆಯವರು. ಮಗ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಸೊಸೆ ಟೆಲಿಫೋನ್ ಆಫೀಸಿನಲ್ಲಿ ಕೆಲಸ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಬೀದಿಯಲ್ಲಿ ಎಲ್ಲರೂ ಅವರನ್ನು ಅವ್ವ ಎಂದೇ ಕರೆಯುತ್ತಿದ್ದೆವು. ಅವ್ವ ಸುಮ್ಮನೆ ತಲೆದೂಗುವ ಪೈಕಿಯಲ್ಲ. ಜಗಲಿಯ ಮೇಲೆ ಕೂತು, ಅವರೆಕಾಯಿ ಬಿಡಿಸುತ್ತಾ, ಅತ್ತೆಗೆ ಎದುರು ಪ್ರಶ್ನೆ ಹಾಕುತ್ತಿದ್ದರು.

"ಎಲ್ಲಾ ಛಲೋ ಐತಿ ಟೀಚರವ್ವ. ಆದ್ರ ನಿನ್ನ ಯೇಸು ಮೀನು ತಿಂತಿದ್ದ ಅಂತೀಯಲ್ಲ, ಅದೊಂದು ನನಗ ಒಪ್ಪಿಗಿಲ್ಲ."

"ಅವ್ವಾ, ಅವರೂರಲ್ಲಿ ದೊಡ್ಡ ಕೆರೆ ಇತ್ತು, ಜೋಳ ಬೆಳೀತಿರ್ಲಿಲ್ವೇನೋ."

"ನಮ್ಮೂರಾಗೂ ಕೆರಿ ಐತಿ. ನಾವು ತಿಂತೀವೇನು?"

ಅಷ್ಟಕ್ಕೆ ಇಬ್ಬರೂ ನಗುತ್ತಿದ್ದರು. ಕಳೆದುಹೋದ ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಬಗ್ಗೆ ಯೇಸು ಹೇಳಿದ ಕಥೆ ಅವ್ವನಿಗೆ ಬಲು ಇಷ್ಟ. ಅದನ್ನು ಮೊದಲ ಸಲ ಕೇಳಿದ ದಿನ ನಾನು ಅಲ್ಲೇ ಗೇಟಿನ ಹತ್ತಿರ ನಿಂತಿದ್ದೆ. ಅವರ ಅಪ್ಪನ ಮನೆಯಲ್ಲೂ ಕುರಿಯ ಹಿಂಡು ಇತ್ತಂತೆ. ಕಥೆ ಮುಗಿದ ಮೇಲೆ ಅವ್ವ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟು, "ಉಳಿದ ಕುರಿ ಎಲ್ಲಾ ಬಯಲಾಗ ಬಿಟ್ಟು ಒಂದರ ಹಿಂದ ಹೋದ್ನ? ಹುಚ್ಚ ಅದಾನ" ಅಂದರು. ಆಮೇಲೆ, "ಆದ್ರ ಛಲೋ ಹುಚ್ಚ" ಅಂದರು.

ಪ್ರತಿಯಾಗಿ ಅವ್ವ ತಮ್ಮ ಶರಣರ ಕಥೆಗಳನ್ನು ಹೇಳುತ್ತಿದ್ದರು. ಅತ್ತೆ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಬೆಂಚಿನ ವಿದ್ಯಾರ್ಥಿನಿಯ ಹಾಗೆ ಕೇಳುತ್ತಿದ್ದರು.

ಇದನ್ನು ನೋಡಿದವರಿಗೆಲ್ಲ ಹಿಡಿಸಿತು ಎಂದಲ್ಲ. ಒಂದು ಭಾನುವಾರ ಸಂಜೆ ಬೀದಿಯ ಗಂಡಸರು ಕೆಲವರು ನಮ್ಮ ಮನೆಗೆ ಬಂದರು. ಮುಂದೆ ನಿಂತು ಮಾತಾಡಿದ್ದು ಅವ್ವನ ಮಗನೇ. ಅತ್ತೆ ಎಲ್ಲರಿಗೂ ಕುರ್ಚಿ ಹಾಕಿಸಿದರು, ಸಾಲದಿದ್ದಾಗ ಚಾಪೆ ಹಾಸಿದರು. ನಾನು ಕಾಫಿಗೆ ಇಟ್ಟೆ.

"ಟೀಚರಮ್ಮ, ತಪ್ಪು ತಿಳ್ಕೋಬೇಡಿ. ನೀವು ಒಳ್ಳೆಯವ್ರು, ಅದ್ರಲ್ಲಿ ಎರಡು ಮಾತಿಲ್ಲ" ಎಂದು ಅವರು ಶುರು ಮಾಡಿದರು. "ಆದ್ರೆ ಮನೆಮನೆಗೆ ಹೋಗಿ ಹಿಂಗೆ ಪ್ರಚಾರ ಮಾಡೋದು ಸರಿ ಕಾಣಲ್ಲ. ಮೂಲೆ ಮನೆ ಹುಡುಗ ನಿಮ್ಮ ಚಿತ್ರದ ಪುಸ್ತಕ ಇಟ್ಕೊಂಡು ಊಟಕ್ಕೆ ಮುಂಚೆ ಕೈ ಮುಗಿದು ಏನೋ ಹೇಳ್ತಾನಂತೆ. ಅವರಮ್ಮ ಅಳ್ತಾ ಇದಾರೆ."

ನನ್ನ ಗಂಡನ ಮುಖ ಕೆಂಪಾಯಿತು. "ಅಮ್ಮ, ಸಾಕು, ನಿಲ್ಸಿಬಿಡಿ" ಎಂದು ಎಲ್ಲರ ಎದುರಿಗೇ ಅಂದುಬಿಟ್ಟರು.

ಅತ್ತೆ ಮಗನ ಕಡೆ ನೋಡಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು: "ಮಕ್ಕಳ ವಿಷಯ ನೀವು ಹೇಳಿದ್ದು ಸರಿ. ಅವರಪ್ಪ ಅಮ್ಮನ್ನ ಕೇಳ್ದೆ ನಾನು ಪುಸ್ತಕ ಕೊಡ್ಬಾರ್ದಾಗಿತ್ತು. ನಾಳೆ ಆ ಹುಡುಗನ ತಾಯಿ ಹತ್ರ ಹೋಗಿ ಕ್ಷಮೆ ಕೇಳ್ತೀನಿ. ಇನ್ಮೇಲೆ ಚಿಕ್ಕವರಿಗೆ ಹೇಳಲ್ಲ. ಬರ್ಬೇಡಿ ಅಂದವ್ರ ಮನೆಗೂ ಹೋಗಲ್ಲ. ಆದ್ರೆ ಬನ್ನಿ ಅಂದವ್ರ ಮನೆಗೆ ಹೋಗ್ತೀನಿ. ದೊಡ್ಡವರು ಕೇಳಿದ್ರೆ ಹೇಳ್ತೀನಿ. ಅದನ್ನ ನಿಲ್ಸು ಅಂದ್ರೆ ನಿಲ್ಸೋಕಾಗಲ್ಲಪ್ಪ. ನಾನು ನಿಮ್ಮ ದೇವರನ್ನ ಯಾವತ್ತಾದ್ರೂ ಬೈದಿದೀನಾ?"

ಅಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಅವ್ವ ಬಂದು ನಿಂತಿದ್ದರು. ರಸ್ತೆ ದಾಟಿ ಬಂದ ಏದುಸಿರು.

"ಏನೋ ಇದು ಪಂಚಾಯ್ತಿ?" ಎಂದು ಮಗನನ್ನು ಗದರಿದರು. "ಈಕಿ ನನಗ ಇಷ್ಟು ದಿನದಿಂದ ಆಕಿ ದೇವರ ಸುದ್ದಿ ಹೇಳ್ಯಾಳ. ನಾನು ಆಕಿಗೆ ನಮ್ಮ ದೇವರ ಸುದ್ದಿ ಹೇಳೀನಿ. ನನ್ನ ಕೊರಳಾಗಿನ ಲಿಂಗ ಎಲ್ಲಿಗಾದ್ರೂ ಹೋತೇನು? ನನಗ ಮಾತಾಡಾಕ ಒಬ್ಬಾಕಿ ಅದಾಳ. ನೀ ಮಾತಾಡ್ತೀಯೇನು ನನ್ನ ಜೋಡಿ?"

ಗಂಡಸರು ಕಾಫಿ ಕುಡಿದು ಹೋದರು. ಇಬ್ಬರು ಕುಡಿಯದೆ ಲೋಟವನ್ನು ಹಾಗೇ ಇಟ್ಟು ಹೋದರು. ಅವರಲ್ಲೊಬ್ಬರು ಅಂದಿನಿಂದ ಅತ್ತೆ ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಅತ್ತೆ ಈಚೆ ಬದಿಯಿಂದಲೇ "ನಮಸ್ಕಾರ" ಅನ್ನುತ್ತಿದ್ದರು, ಉತ್ತರ ಬರಲಿ ಬಿಡಲಿ. ಮಾರನೆಯ ದಿನ ಹೇಳಿದ ಹಾಗೇ ಮೂಲೆ ಮನೆಗೆ ಹೋದರು. ಆ ತಾಯಿ ಬಾಗಿಲಲ್ಲೇ ನಿಲ್ಲಿಸಿ ನಾಲ್ಕು ಮಾತು ಬೈದರಂತೆ. "ಬೈಯಕ್ಕೆ ಅವರಿಗೆ ಹಕ್ಕಿದೆ" ಎಂದು ಬಂದು ಹೇಳಿ ಸೊಪ್ಪು ಬಿಡಿಸಲು ಕೂತರು. ಆ ಸಂಜೆ ಹಾಕಿಕೊಂಡ ಕಟ್ಟನ್ನು ಅವರು ಎಂದೂ ಮೀರಲಿಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲುತ್ತಿತ್ತು, ಆದರೆ ಬುದ್ಧಿ ಚುರುಕಾಗಿಯೇ ಇತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಸೊಸೆ ಸ್ವಲ್ಪ ದಿನ ರಜೆ ಹಾಕಿದರು. ಆಮೇಲೆ ಬೆಳಿಗ್ಗೆ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ ಆಫೀಸಿಗೆ ಓಡಬೇಕು, ಮಗ ಅದಕ್ಕೂ ಮುಂಚೆ ಹೋಗಬೇಕು. ನಡುವಿನ ಹೊತ್ತು ಅತ್ತೆ ಹೋಗಿ ಕೂರತೊಡಗಿದರು. ಯಾರೂ ಕರೆದಿರಲಿಲ್ಲ, ಬೇಡ ಅಂದವರೂ ಇಲ್ಲ. ಬೀದಿಯಲ್ಲಿ ಮಾತ್ರ ಗುಸುಗುಸು ಇತ್ತು. ಈಗ ನೋಡಿ, ಮುದುಕಿಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ ಎಂದು.

ಶಾಲೆಗೆ ಬೇಸಿಗೆ ರಜೆ ಇದ್ದುದರಿಂದ ಒಂದು ಬೆಳಿಗ್ಗೆ ಅತ್ತೆಯ ಜೊತೆ ನಾನೂ ಹೋದೆ. ಅವ್ವನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ ಹಚ್ಚಿಯಾಗಿತ್ತು. ಅವರು ಬಲಗೈಯಿಂದ ಕರಡಿಗೆ ಬಿಚ್ಚಿ ಲಿಂಗವನ್ನು ತೆಗೆದು, ತೊಡೆಯ ಮೇಲೆ ಬಿದ್ದಿದ್ದ ಎಡ ಅಂಗೈಯಲ್ಲಿ ಇಟ್ಟುಕೊಂಡರು. ಪೂಜೆ ಮಾಡುವಾಗ ಆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಅದನ್ನೇ ನೋಡುತ್ತಾ ಕೂರಬೇಕು. ಕೈ ಮೇಲೇಳಲಿಲ್ಲ. ಬಲಗೈಯಿಂದ ಎತ್ತಲು ಹೋದರೆ ಲಿಂಗ ಜಾರುತ್ತಿತ್ತು. ಅವ್ವ ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ನೀರಿಳಿಯಿತು.

"ಟೀಚರವ್ವ, ನನ್ನ ಕೈ ಹಿಡೀತಿಯೇನ?" ಎಂದು ತೊದಲಿದರು. "ಲಿಂಗ ಮುಟ್ಟಬ್ಯಾಡ. ಕೆಳಗ ಕೈ ಅಷ್ಟ ಹಿಡಿ. ಮಗ ಸೊಸಿ ಹಿಡೀತಾರ, ಇಲ್ಲನ್ನಂಗಿಲ್ಲ. ಅವರ ಕಣ್ಣು ಗಡಿಯಾರದ ಮ್ಯಾಲೆ ಇರ್ತೈತಿ. ಮನಸು ನಿಲ್ಲಂಗಿಲ್ಲ ನನಗ."

ಅತ್ತೆಯ ಮುಖ ನೋಡಿದೆ. ಅಷ್ಟು ಗೊಂದಲ ಅವರ ಮುಖದಲ್ಲಿ ನಾನು ಎಂದೂ ಕಂಡಿರಲಿಲ್ಲ. ತಾವು ಯಾರನ್ನು ನಂಬಿದ್ದರೋ ಆತನೊಬ್ಬನೇ ದೇವರೆಂದು ಊರೆಲ್ಲ ಸಾರಿಕೊಂಡು ಬಂದವರು ಅವರು. ಇನ್ನೊಂದು ಪೂಜೆಗೆ ಕೈ ಜೋಡಿಸುವುದೆಂದರೆ ಅವರಿಗೆ ಸಣ್ಣ ಮಾತಲ್ಲ. "ನಾಳೆ ಹೇಳ್ತೀನಿ ಅವ್ವಾ" ಅಂದರು. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ. ಸಂಜೆ ಹೊರಗೆ ಬಂದಾಗ ಕಣ್ಣು ಊದಿತ್ತು.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಹೊರಟರು. ನಾನೂ ಹಿಂದೆ ಹೋದೆ. ಅವ್ವನ ಪಕ್ಕ ಮಂಚದ ಮೇಲೆ ಕೂತು, ಅವರ ಎಡ ಮಣಿಕಟ್ಟಿನ ಕೆಳಗೆ ತಮ್ಮ ಎರಡೂ ಕೈಗಳನ್ನು ಕೊಟ್ಟು, ಆ ಬಿದ್ದುಹೋದ ಕೈಯನ್ನು ಮೆಲ್ಲಗೆ ಕಣ್ಣಿನ ಮಟ್ಟಕ್ಕೆ ಎತ್ತಿದರು. ಅವ್ವ ನೋಡತೊಡಗಿದರು. ಅತ್ತೆ ಕಣ್ಣು ಮುಚ್ಚಿಕೊಂಡರು. ಅವರ ತುಟಿ ಅಲ್ಲಾಡುತ್ತಿತ್ತು. ಅವರು ಯಾರನ್ನು ಪ್ರಾರ್ಥಿಸುತ್ತಿದ್ದಾರೆಂದು ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎತ್ತಿದ ಕೈ ಸ್ವಲ್ಪವೂ ನಡುಗದ ಹಾಗೆ ಅತ್ತೆ ಹಿಡಿದೇ ಇದ್ದರು, ಆಮೇಲೆ ಅವರ ತೋಳೇ ನಡುಗತೊಡಗಿತು, ಆದರೂ ಇಳಿಸಲಿಲ್ಲ. ಕೊನೆಗೆ ಅವ್ವನೇ "ಸಾಕವ್ವ" ಅಂದರು. ಲಿಂಗವನ್ನು ಕರಡಿಗೆಯೊಳಗೆ ಇಟ್ಟು ಮುಚ್ಚಿ, "ಈಗ ನಿಂದು ಹೇಳು" ಅಂದರು. ಅತ್ತೆ ಕುರಿಯ ಕಥೆಯನ್ನು ಹೇಳಿದರು.

ರಸ್ತೆ ದಾಟುವಾಗ ಕೇಳಿದೆ: "ನಿನ್ನೆ ಅಷ್ಟು ಹೊತ್ತು ಪ್ರಾರ್ಥನೆ ಮಾಡಿದ್ರಲ್ಲ ಅತ್ತೆ, ಏನು ಉತ್ತರ ಸಿಕ್ತು?"

"ಉತ್ತರ ಸಿಗ್ಲಿಲ್ಲ ಕಣೇ. ಎಷ್ಟು ಸಲ ಕೇಳಿದ್ರೂ ಅವರ ಕೈನೇ ಕಣ್ಮುಂದೆ ಬರ್ತಿತ್ತು."

ಅಂದಿನಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ಅವ್ವನ ಪೂಜೆ, ಆಮೇಲೆ ಅತ್ತೆಯ ಕಥೆ. ಒಂದು ದಿನ ಅವ್ವನ ಮಗ ಏನನ್ನೋ ಮರೆತು ಅರ್ಧ ದಾರಿಯಿಂದ ವಾಪಸ್ಸು ಬಂದರು. ಕೋಣೆಯ ಬಾಗಿಲಲ್ಲಿ ನಿಂತವರು, ತಾಯಿಯ ಅಂಗೈಯನ್ನೂ ಅದರ ಕೆಳಗಿನ ಕೈಗಳನ್ನೂ ನೋಡಿದರು. ನಾನು ಅಲ್ಲೇ ಹೊರಗೆ ಕೂತಿದ್ದೆ. ಅವರು ಬೂಟಿನ ಸದ್ದಾಗದ ಹಾಗೆ ಹಿಂದೆ ಸರಿದು, ಬಂದ ಕೆಲಸವನ್ನೂ ಮಾಡದೆ ಹೊರಟುಹೋದರು.

ಸುದ್ದಿ ನಮ್ಮ ಚರ್ಚಿಗೂ ಮುಟ್ಟಿತು. ಈ ಸಲ ಬೇಸರವಾದದ್ದು ನಮ್ಮವರಿಗೇ. ಭಾನುವಾರ ಆರಾಧನೆ ಮುಗಿದ ಮೇಲೆ ಸ್ತ್ರೀಯರ ಕೂಟದ ಹಿರಿಯರೊಬ್ಬರು ಅತ್ತೆಯನ್ನು ಅಂಗಳದಲ್ಲೇ ನಿಲ್ಲಿಸಿ, "ಯೇಸುವನ್ನ ಸಾರೋದಕ್ಕೆ ಹೋದವರು ನೀವು. ಈಗ ಲಿಂಗಪೂಜೆಗೆ ನೆರವಾಗ್ತಾ ಇದೀರಂತೆ? ನಮ್ಮ ಹುಡುಗರು ಏನು ತಿಳ್ಕೋಬೇಕು?" ಅಂದರು. ಸುತ್ತ ನಿಂತವರು ಕೇಳಿಸಿಕೊಳ್ಳುತ್ತಿದ್ದರು. ಅತ್ತೆಯ ಜೊತೆ ಮನೆಗಳಿಗೆ ಹೋಗುತ್ತಿದ್ದ ಹೆಂಗಸರೂ ಅಂದಿನಿಂದ ಬರುವುದನ್ನು ನಿಲ್ಲಿಸಿದರು. ಆ ವಾರವೇ ಚರ್ಚಿನ ಸಭಾಪಾಲಕರು, ನಮ್ಮ ಪಾದ್ರಿಗಳು, ಮನೆಗೆ ಬಂದರು. ಮೃದು ಸ್ವಭಾವದವರು, ಹೇಗೆ ಕೇಳುವುದೆಂದು ತಿಳಿಯದೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು.

ಅತ್ತೆಯೇ ಮಾತು ತೆಗೆದರು. "ಅಯ್ನೋರೆ, ನಾನು ಪೂಜೆ ಮಾಡ್ಲಿಲ್ಲ. ಪೂಜೆ ಮಾಡೋ ಮುದುಕಿ ಕೈ ಹಿಡ್ಕೊಂಡೆ. ನಾನು ನಂಬಿರೋದನ್ನ ಅವರಿಗೆ ಹೇಳೋದು ಒಂದಿನಾನೂ ನಿಲ್ಸಿಲ್ಲ. ಇವತ್ತು ಬೆಳಿಗ್ಗೆನೂ ಹೇಳಿದೀನಿ. ಕೈ ಬಿದ್ದೋಗಿರೋರ ಮುಂದೆ, ಮೊದ್ಲು ನಮ್ಮ ಕಡೆ ಬನ್ನಿ ಆಮೇಲೆ ಹಿಡೀತೀನಿ ಅಂದ್ರೆ, ಯೇಸುಗೆ ನಾನು ಯಾವ ಮುಖ ತೋರಿಸ್ಲಿ? ತಪ್ಪಾಗಿದ್ರೆ ಆತನ ಹತ್ರಾನೇ ಹೇಳ್ಕೋತೀನಿ."

"ನಾನಾಗಿದ್ರೆ ಏನು ಮಾಡ್ತಿದ್ನೋ ಗೊತ್ತಿಲ್ಲಮ್ಮ" ಎಂದಷ್ಟೇ ಹೇಳಿ, ಸಭಾಪಾಲಕರು ಎದ್ದು ಪ್ರಾರ್ಥನೆ ಮಾಡಿದರು. ಆ ಪ್ರಾರ್ಥನೆಯಲ್ಲಿ ಎದುರು ಮನೆಯ ಅವ್ವನ ಆರೋಗ್ಯಕ್ಕಾಗಿಯೂ ಬೇಡಿಕೊಂಡರು.

ಅತ್ತೆ ಆ ದಿನಗಳಲ್ಲಿ ಒಂಟಿಯಾದರು. ಬೀದಿಯ ಕೆಲವರಿಗೆ ಅವರು ಮತಾಂತರ ಮಾಡುವವರು, ಚರ್ಚಿನ ಕೆಲವರಿಗೆ ದಾರಿ ತಪ್ಪಿದವರು. ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬರೇ ಗೇಟು ತೆಗೆದು ಹೊರಡುವುದನ್ನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಶನಿವಾರ ಒಲೆ ಆರಿಸಿ, ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಅವರ ಪಕ್ಕ ಹೋಗಿ ನಿಂತೆ. "ಚೀಲ ಕೊಡಿ ಅತ್ತೆ, ನಾನು ಹಿಡ್ಕೋತೀನಿ" ಅಂದೆ. ಅವರು ಒಮ್ಮೆ ನನ್ನ ಮುಖ ನೋಡಿ ಚೀಲ ಕೊಟ್ಟರು. ಆಮೇಲೆ ಪ್ರತಿ ಶನಿವಾರ ಹೋದೆ. ಬಾಯಿ ಬಿಡುತ್ತಿರಲಿಲ್ಲ, ಜೊತೆಗಿರುತ್ತಿದ್ದೆ ಅಷ್ಟೆ. ವಿಜಯನಗರದ ಒಂದು ಮನೆಯಲ್ಲಿ ಪಾನಕ ಕೊಟ್ಟು ಉಪಚರಿಸಿದರು. ಅದೇ ಸಾಲಿನ, ಮೊದಲ ಸಲ ಹೋದ ಇನ್ನೊಂದು ಮನೆಯಲ್ಲಿ ಗೇಟಿಗೆ ಕಟ್ಟಿದ್ದ ನಾಯಿಯನ್ನು ಬಿಚ್ಚುವುದಾಗಿ ಹೆದರಿಸಿದರು. ಎರಡೂ ಕಡೆಯಿಂದ ಅತ್ತೆ ಒಂದೇ ನಡಿಗೆಯಲ್ಲಿ ಹೊರಬಂದರು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅವ್ವ ತೀರಿಕೊಂಡರು. ಬೆಳಿಗ್ಗೆ ಪೂಜೆ ಮುಗಿಸಿ, ಕಥೆ ಕೇಳಿ, ಗಂಜಿ ಕುಡಿದು ಮಲಗಿದವರು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಅತ್ತೆ ಪಕ್ಕದಲ್ಲೇ ಇದ್ದರು. ಆಫೀಸಿಗೂ ಕಾರ್ಖಾನೆಗೂ ಫೋನು ಮಾಡಿಸಲು, ಅಂದು ಶಾಲೆಗೆ ರಜೆ ಇದ್ದ ನಾನು ಮುಖ್ಯರಸ್ತೆಯ ಅಂಗಡಿಗೆ ಓಡಿದೆ.

ಅವರ ಪದ್ಧತಿಯಂತೆ ಅವ್ವನನ್ನು ಕೂರಿಸಿ, ಹೂವಿನಿಂದ ಸಿಂಗರಿಸಿದರು. ಊರಿನಿಂದ ನೆಂಟರು ಬಂದರು, ಜಂಗಮರು ಬಂದರು. ಅತ್ತೆ ನಮ್ಮ ಗೇಟಿನ ಹತ್ತಿರವೇ ನಿಂತಿದ್ದರು. ನೆಂಟರ ಎದುರು ಆ ಮನೆಯವರಿಗೆ ಇರಿಸುಮುರಿಸು ಆಗಬಾರದೆಂದು ಒಳಗೆ ಹೋಗಿರಲಿಲ್ಲ. ಹೊರಡುವ ಮುಂಚೆ ಅವ್ವನ ಮಗ ಗುಂಪನ್ನು ಬಿಟ್ಟು ರಸ್ತೆ ದಾಟಿ ಬಂದರು.

"ಟೀಚರಮ್ಮ, ನೀವು ಇಲ್ಲಿ ಯಾಕೆ ನಿಂತಿದೀರ? ಬನ್ನಿ. ನೀವು ಬರದೆ ಅವ್ವನ್ನ ಹೆಂಗೆ ಕಳ್ಸೋದು?"

ಅತ್ತೆ ಹೋದರು. ರುದ್ರಭೂಮಿಯಲ್ಲಿ ಚಪ್ಪಲಿ ಬಿಟ್ಟು ಒಂದು ಬದಿಗೆ ನಿಂತಿದ್ದರಂತೆ. ವಿಭೂತಿ, ಬಿಲ್ವಪತ್ರೆ ಹಾಕಿ ಎಲ್ಲರೂ ಮಣ್ಣು ಕೊಡುವಾಗ ತಾವೂ ಒಂದು ಹಿಡಿ ಹಾಕಿದರಂತೆ. ಇದನ್ನೆಲ್ಲ ನನ್ನ ಗಂಡ ಬಂದು ಹೇಳಿದರು. ಎಲ್ಲರೆದುರು "ನಿಲ್ಸಿಬಿಡಿ" ಅಂದಿದ್ದ ಅದೇ ಮಗ, ತಾಯಿಯ ತೋಳು ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ ಬಂದಿದ್ದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಅವ್ವನ ಮಗ ನಮ್ಮ ಮನೆಗೆ ಬಂದು ಕೂತರು. ಬಹಳ ಹೊತ್ತು ಅದೂ ಇದೂ ಮಾತಾಡಿದರು. ಕೊನೆಗೆ ಕೇಳಿದರು: "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಷ್ಟು ದಿನ ಒಬ್ಬರೇ ಅವರ ಜೊತೆ ಇದ್ರಿ. ನಿಮ್ಮ ಧರ್ಮಕ್ಕೆ ಬನ್ನಿ ಅಂತ ಅವರನ್ನ ಒಂದ್ಸಲಾನೂ ಕೇಳ್ಲಿಲ್ವಾ?"

ಅತ್ತೆ ಇಲ್ಲ ಎಂದುಬಿಟ್ಟಿದ್ದರೆ ಎಲ್ಲರಿಗೂ ಎಷ್ಟು ಸುಲಭವಾಗುತ್ತಿತ್ತು.

"ಕೇಳ್ದೆ ಇರ್ತೀನೇನಪ್ಪ? ಎಷ್ಟೋ ಸಲ ಕೇಳಿದೀನಿ" ಅಂದರು ಅತ್ತೆ. "ಅವರು ಒಲ್ಲೆ ಅಂದ್ರು. ನಿನ್ನ ದೇವ್ರು ಛಲೋ ಅದಾನ, ನನ್ನ ದೇವ್ರೂ ಛಲೋ ಅದಾನ, ನನಗ ಈ ವಯಸ್ನಾಗ ಮನಿ ಬದಲ್ಸಾಕ ಆಗಂಗಿಲ್ಲ ಅಂತಿದ್ರು. ನಂಗೆ ಅದು ಇವತ್ತಿಗೂ ದುಃಖಾನೇ. ಸುಳ್ಳು ಹೇಳಲ್ಲ. ಆದ್ರೆ ಅವರನ್ನ ಕುರಿ ಹುಡುಕೋನ ಕೈಗೆ ಬಿಟ್ಟಿದೀನಿ."

ಅವರು ತಲೆ ತಗ್ಗಿಸಿ ಕೂತಿದ್ದರು. ಸಿಟ್ಟು ಬರುತ್ತದೇನೋ ಅಂದುಕೊಂಡೆ. ತಲೆ ಎತ್ತಿದಾಗ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವೂ ಇತ್ತು. ಅವ್ವನ ಮಾತನ್ನು ಅತ್ತೆ ಅವ್ವನ ದನಿಯಲ್ಲೇ ಹೇಳಿದ್ದರು.

"ನಿಮ್ಮನ್ನೂ ಕೇಳ್ಲಾ?" ಅಂದರು ಅತ್ತೆ.

"ಬೇಡ ಟೀಚರಮ್ಮ, ಕಾಫಿ ಕೊಡಿ ಸಾಕು."

ಆ ದಿನ ಅವರು ಕಾಫಿಯ ಜೊತೆ ನಾನು ಕರಿದಿಟ್ಟಿದ್ದ ಚಕ್ಕುಲಿಯನ್ನೂ ತಿಂದರು. ಆಮೇಲೆ ಬೀದಿಯಲ್ಲಿ ಯಾರಾದರೂ ಅತ್ತೆಯ ಬಗ್ಗೆ ಕೊಂಕು ಆಡಿದರೆ ಅವರೇ ಬಾಯಿ ಮುಚ್ಚಿಸುತ್ತಿದ್ದರು ಎಂದು ಹಾಲಿನ ಬೂತಿನಲ್ಲಿ ಕೇಳಿದೆ. ಅವರು ಎಂದೂ ಚರ್ಚಿಗೆ ಬರಲಿಲ್ಲ. ಅತ್ತೆಯ ಪುಸ್ತಿಕೆಯನ್ನೂ ತೆಗೆದುಕೊಳ್ಳಲಿಲ್ಲ.

ಅತ್ತೆಯ ಮಾತಿನಿಂದ ಎಷ್ಟು ಜನ ಕ್ರೈಸ್ತರಾದರು ಎಂದು ಕೇಳುವವರು ಚರ್ಚಿನಲ್ಲಿ ಇದ್ದರು. ಗೊತ್ತಿದ್ದ ಹಾಗೆ ಒಬ್ಬರೇ. ಬಿನ್ನಿಪೇಟೆಯ ಗಿರಣಿ ಕೆಲಸಗಾರರೊಬ್ಬರ ವಿಧವೆ, ತಾನಾಗಿಯೇ ಬಂದು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರತೊಡಗಿದ ಹೆಂಗಸು. ಆಕೆಯ ಅಣ್ಣಂದಿರು ಮಾತು ಬಿಟ್ಟಾಗ ಅತ್ತೆ ಅವರ ಮನೆಗೆ ಹೋಗಿ, "ಅವಳು ದೇವರನ್ನ ಬೇರೆ ಹೆಸರಲ್ಲಿ ಕರೀತಾಳೆ, ಅಣ್ಣಂದಿರನ್ನ ಬೇರೆ ಹೆಸರಲ್ಲಿ ಕರೀತಿಲ್ವಲ್ಲಪ್ಪ" ಎಂದು ಬೇಡಿಕೊಂಡರು. ಒಬ್ಬ ಅಣ್ಣ ಒಪ್ಪಿದ, ಇನ್ನೊಬ್ಬ ಒಪ್ಪಲಿಲ್ಲ. ಆ ಇನ್ನೊಬ್ಬನ ಮನೆಗೆ ಅತ್ತೆ ತಂಗಿಯ ವಿಷಯಕ್ಕಷ್ಟೇ ಮತ್ತೆ ಮತ್ತೆ ಹೋದರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಹಾಗೆ ಅತ್ತೆಯ ಮಂಡಿ ಸೋತಿತು. ಮನೆಗಳಿಗೆ ಹೋಗಲಾರದೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹೋಗುವವರು ಬರುವವರು ನಿಂತು ಮಾತಾಡಿಸುತ್ತಿದ್ದರು.

ಆ ಕಾಲದಲ್ಲೇ ಒಂದು ಮಧ್ಯಾಹ್ನ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕೂತಿದ್ದಾಗ, ಹಿಂದಿ ಟೀಚರು ನನ್ನನ್ನು ಕೇಳಿದರು: "ನಿಮ್ಮತ್ತೆ ನಮ್ಮ ಚಿಕ್ಕಮ್ಮನ ಮನೆಗೂ ಬರ್ತಿದ್ರಂತೆ ಕಣ್ರೀ. ಅಷ್ಟು ದೂರ ನಡ್ಕೊಂಡು ಯಾಕೆ ಹೋಗ್ತಿದ್ರು? ಅವರಿಗೇನು ಸಿಗ್ತಿತ್ತು?"

ಬೇರೆ ದಿನವಾಗಿದ್ದರೆ ನಕ್ಕು ಮಾತು ತೇಲಿಸಿಬಿಡುತ್ತಿದ್ದೆ. ಅಂದು ಏಕೋ ಹೇಳಲು ಶುರು ಮಾಡಿದೆ. ಮೊದಲು ಅತ್ತೆಯ ವಿಷಯ. ಅದರಿಂದ ಯೇಸುವಿನ ವಿಷಯ ಬಂತು. ಆಮೇಲೆ, ಹೆತ್ತವರ ಹತ್ತಿರವೂ ಆಡಿರದ ಮಾತು, ನಾನು ಏನನ್ನು ನಂಬಿದ್ದೇನೆ, ಯಾಕೆ ನಂಬಿದ್ದೇನೆ ಎಂಬುದು. ಅನ್ನ ತಣ್ಣಗಾಯಿತು. ಗಂಟೆ ಹೊಡೆದಾಗಲೇ ನನಗೆ ಎಚ್ಚರವಾದದ್ದು.

ಹಿಂದಿ ಟೀಚರು ಡಬ್ಬಿಯ ಮುಚ್ಚಳ ಹಾಕುತ್ತಾ, "ಹೌದಾ" ಅಂದರು. ಸೀಮೆಸುಣ್ಣದ ಡಬ್ಬ ಎತ್ತಿಕೊಂಡು ಕ್ಲಾಸಿಗೆ ನಡೆದರು. ನಾನು ಅವರ ಹಿಂದೆಯೇ, ಹಸಿದ ಹೊಟ್ಟೆಯಲ್ಲಿ, ಎಷ್ಟೋ ಹಗುರಾಗಿ ನನ್ನ ಕ್ಲಾಸಿಗೆ ಹೋದೆ.